ಗುರಿಯ ವಿಳಾಸ ಹುಡುಕುತ್ತ: ಪ್ಯಾರಿಸ್‌ನಿಂದ ಹೈಗೇಟ್‌ವರೆಗೆ

ಮೊದಲ ದಿನ: ಪ್ಯಾರಿಸ್

ಮನುಷ್ಯನ ಚರಿತ್ರೆ ಎಲ್ಲಿಗೋ ಹೋಗಿ ಮುಟ್ಟಲಿದೆ ಎಂಬ ನಂಬಿಕೆಗೆ ಯುರೋಪಿನಲ್ಲಿ ಮನೆ ನಂಬರು, ತಾರೀಖು ಸಮೇತ ವಿಳಾಸಗಳಿವೆ. ಪ್ಯಾರಿಸ್‌ನಲ್ಲಿ ಹೊರಟು ಸ್ಟುಟ್‌ಗಾರ್ಟ್, ಯೇನಾ, ವೈಮಾರ್, ಬರ್ಲಿನ್ ಹಾದು ಲಂಡನ್ ಸೇರುವ ಈ ದಾರಿಯಲ್ಲಿ ಮುಖ್ಯವಾದವೆಲ್ಲ ಸಿಗುತ್ತವೆ. ಪೂರ್ತಿ ರೈಲಿನಲ್ಲೇ ಹೋಗಬಹುದು. ಬಿಟ್ಟುಹೋಗುವವನು ಜರ್ಮನ್ ತತ್ತ್ವಜ್ಞಾನಿ ಕಾಂಟ್ ಒಬ್ಬನೇ. ಅವನ ಊರು ಕ್ಯೋನಿಗ್ಸ್‌ಬರ್ಗ್ ಈಗ ರಷ್ಯಾದ ಕಲಿನಿನ್‌ಗ್ರಾಡ್. ಅದನ್ನು ಈ ಸುತ್ತಿಗೆ ಸೇರಿಸಲಾಗುವುದಿಲ್ಲ, ಅವನನ್ನು ಬೋಗಿಯಲ್ಲಿ ಕೂತೇ ಓದಿಕೊಳ್ಳಬೇಕು.

ಹೊರಡುವ ಮುಂಚೆ ಪ್ರಶ್ನೆಯನ್ನು ಬಿಡಿಸಿಟ್ಟುಕೊಳ್ಳುವುದು ಒಳ್ಳೆಯದು. ‘ಚರಿತ್ರೆ ಅಂದರೆ ಪ್ರಗತಿಯೇ?’ ಎಂದು ಕೇಳುವವರು ಒಂದೇ ಉಸಿರಿನಲ್ಲಿ ಮೂರು ಪ್ರಶ್ನೆ ಕೇಳುತ್ತಿರುತ್ತಾರೆ. ಏನಾದರೂ ಸುಧಾರಿಸಿದೆಯೇ? ಇದು ಲೆಕ್ಕದ ಪ್ರಶ್ನೆ, ಅಂಕಿ ತೆಗೆದು ನೋಡಬಹುದು. ಆ ಸುಧಾರಣೆಯ ಹಿಂದೆ ಮುಂದಕ್ಕೇ ತಳ್ಳುವ ಕಾರಣವೇನಾದರೂ ಇದೆಯೇ? ಇದನ್ನು ಹುಡುಕಬಹುದು, ಕಷ್ಟ. ನಡೆದದ್ದೆಲ್ಲ ಕೊನೆಯಲ್ಲಿರುವ ಒಂದು ಗುರಿಗಾಗಿಯೇ ನಡೆಯಿತೇ? ಮೊದಲನೆಯದಕ್ಕೆ ಹೌದೆಂದವರು ಅದೇ ಹುರುಪಿನಲ್ಲಿ ಮೂರನೆಯದಕ್ಕೂ ಹೌದೆಂದುಬಿಡುತ್ತಾರೆ. ಮೂರನೆಯದನ್ನು ಒಪ್ಪದವರು ಮೊದಲನೆಯದನ್ನೂ ಅಲ್ಲಗಳೆದುಬಿಡುತ್ತಾರೆ. ಈ ದಾರಿಯಲ್ಲಿ ದೊಡ್ಡದೊಡ್ಡವರು ಎಡವಿದ್ದೆಲ್ಲ ಇಲ್ಲೇ.

ನಡಿಗೆ ಸೊರ್ಬಾನ್ ವಿಶ್ವವಿದ್ಯಾಲಯದ ಚೌಕದಿಂದ ಶುರು. 1750ರ ಡಿಸೆಂಬರ್ 11ರಂದು 23 ವರ್ಷದ ಫ್ರೆಂಚ್ ಚಿಂತಕ ತ್ಯುರ್ಗೋ ಇಲ್ಲಿ ಲ್ಯಾಟಿನ್ನಿನಲ್ಲಿ ಒಂದು ಭಾಷಣ ಮಾಡಿದ. ಅವನ ಕಾಲದ ಕಟ್ಟಡಗಳಲ್ಲಿ ಉಳಿದಿರುವುದು ಪ್ರಾರ್ಥನಾಮಂದಿರ, ಮಿಕ್ಕದ್ದನ್ನು 19ನೆಯ ಶತಮಾನದ ಕೊನೆಗೆ ಹೊಸದಾಗಿ ಕಟ್ಟಿದರು. ತ್ಯುರ್ಗೋಗಿಂತ ಹಿಂದೆ ಹಲವು ಕಡೆ ಕಾಲವೆಂದರೆ ಇಳಿಜಾರು: ಕೃತದಿಂದ ಕಲಿಗೆ ಬರುವಷ್ಟರಲ್ಲಿ ಧರ್ಮ ಒಂದೊಂದೇ ಕಾಲು ಕಳೆದುಕೊಳ್ಳುವ ನಮ್ಮ ಯುಗಗಳ ಲೆಕ್ಕ, ಚಿನ್ನದಿಂದ ಕಬ್ಬಿಣಕ್ಕಿಳಿಯುವ ಗ್ರೀಕ್ ಕವಿ ಹೆಸಿಯಡ್‌ನ ಲೆಕ್ಕ. ತ್ಯುರ್ಗೋ ಅದನ್ನು ತಿರುಗಿಸಿ ಹಿಡಿದ. ಮನುಕುಲ ಎದ್ದು ಬಿದ್ದು, ನಿಧಾನವಾಗಿಯಾದರೂ ಹೆಚ್ಚಿನ ಪೂರ್ಣತೆಯ ಕಡೆಗೇ ನಡೆಯುತ್ತದೆ ಎಂದ. ತಪ್ಪುಗಳು, ಯುದ್ಧಗಳು ಕೂಡ ಈ ನಡಿಗೆಯಲ್ಲಿ ಕೆಲಸಕ್ಕೆ ಬರುತ್ತವೆ ಎಂಬುದು ಅವನ ವಾದದ ಜೀವಾಳ. ಮುಂದೆ ಬಂದವರೆಲ್ಲ ಈ ಸಾಲನ್ನು ಎರವಲು ಪಡೆದವರೇ.

ಅಲ್ಲಿಂದ ಪಶ್ಚಿಮಕ್ಕೆ ನಡೆದರೆ ಲಕ್ಸೆಂಬರ್ಗ್ ಉದ್ಯಾನ ದಾಟಿ, ಸಾಂ-ಸುಲ್‌ಪಿಸ್ ಚರ್ಚಿನ ಬೆನ್ನಿಗಿರುವ ಸೆರ್ವಾಂದೋನಿ ಬೀದಿ. ಇಕ್ಕಟ್ಟಾದ ಬೀದಿ, ವಾಹನ ಕಡಿಮೆ. 15ನೇ ನಂಬರಿನ ಗೋಡೆಯ ಮೇಲಿನ ಫಲಕವನ್ನು ತಲೆಯೆತ್ತಿ ನೋಡದಿದ್ದರೆ ದಾಟಿಹೋಗುತ್ತೀರಿ. 1793ರ ಜುಲೈಯಲ್ಲಿ ಕ್ರಾಂತಿಸಭೆ ಬಂಧನಕ್ಕೆ ಆಜ್ಞೆ ಹೊರಡಿಸಿದಾಗ ಗಣಿತಜ್ಞ ಕೊಂಡೊರ್ಸೆ ಬಚ್ಚಿಟ್ಟುಕೊಂಡದ್ದು ಈ ಮನೆಯಲ್ಲಿ, ಮದಾಂ ವೆರ್ನೆ ಎಂಬಾಕೆಯ ಆಶ್ರಯದಲ್ಲಿ. ಮುಂದಿನ ಮಾರ್ಚ್‌ವರೆಗೆ ಇಲ್ಲೇ ಕೂತು ಮನುಷ್ಯಬುದ್ಧಿಯ ಪ್ರಗತಿಯ ರೂಪರೇಖೆ ಬರೆದ. ಚರಿತ್ರೆಯನ್ನು ಹತ್ತು ಘಟ್ಟ ಮಾಡಿದ: ಒಂಬತ್ತು ಆಗಿಹೋದದ್ದು, ಹತ್ತನೆಯದು ಬರಲಿರುವುದು. ಆ ಹತ್ತನೆಯದರಲ್ಲಿ ಅವನಿಟ್ಟುಕೊಂಡ ಆಸೆಗಳು ಮೂರು: ರಾಷ್ಟ್ರ ರಾಷ್ಟ್ರಗಳ ನಡುವೆ ಸಮಾನತೆ, ಒಂದೇ ರಾಷ್ಟ್ರದೊಳಗೆ ಸಮಾನತೆ, ಮನುಷ್ಯನೇ ಉತ್ತಮಗೊಳ್ಳುವುದು. 1794ರ ಮಾರ್ಚ್ ಕೊನೆಗೆ ಮನೆಬಿಟ್ಟು ಹೊರಟವನು ಕ್ಲಮಾರ್‌ನಲ್ಲಿ ಸಿಕ್ಕಿಬಿದ್ದ, ಬೂರ್-ಲಾ-ರೆನ್‌ನ ಸೆರೆಕೋಣೆಯಲ್ಲಿ ಹೆಣವಾಗಿ ಸಿಕ್ಕ. ಮರುವರ್ಷ ಪುಸ್ತಕ ಅಚ್ಚಾದಾಗ ಅದೇ ಕ್ರಾಂತಿಸಭೆ 3,000 ಪ್ರತಿ ಕೊಂಡಿತು. ಫ್ರಾನ್ಸಿನ ಗಣ್ಯರ ಸಮಾಧಿಮಂದಿರ ಪ್ಯಾಂಥಿಯನ್‌ಗೆ ಹೋದರೆ ಅವನ ಹೆಸರಿನ ಶವಪೆಟ್ಟಿಗೆಯೂ ಇದೆ. 1989ರಲ್ಲಿ ತಂದಿಟ್ಟದ್ದು, ಒಳಗೆ ಖಾಲಿ. ಅವಶೇಷ ಯಾವಾಗಲೋ ಕಳೆದುಹೋಗಿತ್ತು.

ಕೊಂಡೊರ್ಸೆಯನ್ನು ಭೋಳೆ ಆಶಾವಾದಿ ಎಂದು ನಗುವವರಿಗೆ ಒಂದು ಮಾತು. ಸರಾಸರಿ ಆಯಸ್ಸು ಹೆಚ್ಚುತ್ತಲೇ ಹೋಗುತ್ತದೆ ಎಂದು ಅವನು ಬರೆದಾಗ ಫ್ರಾನ್ಸಿನಲ್ಲಿ ಅದು 30ರ ಆಸುಪಾಸಿನಲ್ಲಿತ್ತು, ಈಗ 80 ದಾಟಿದೆ. ಅವನು ಕೊನೆಯ ನಿಲ್ದಾಣವನ್ನೂ ಹೆಸರಿಸಲಿಲ್ಲ. ಸುಧಾರಣೆಗೆ ಮಿತಿಯಿಲ್ಲ ಎಂದ, ಅಷ್ಟೇ. ದಿಕ್ಕು ಮಾತ್ರ ಇದ್ದು ಗಮ್ಯ ಇಲ್ಲದ ಚರಿತ್ರೆ ಅದು.

ಗಮ್ಯ ಬೇಕಾದವರು ಮಸ್ಯೂ-ಲ-ಪ್ರಾನ್ಸ್ ಬೀದಿಯ 10ನೇ ನಂಬರಿಗೆ ಹೋಗಬೇಕು. ಸೆರ್ವಾಂದೋನಿ ಬೀದಿಯಿಂದ ಕಾಲ್ನಡಿಗೆಯ ದೂರ. ತತ್ತ್ವಜ್ಞಾನಿ ಓಗಸ್ತ್ ಕೋಂತ್ 1841ರಿಂದ 1857ರಲ್ಲಿ ಸಾಯುವವರೆಗೆ ಇದ್ದ ಮನೆ, ಈಗ ವಸ್ತುಸಂಗ್ರಹಾಲಯ. ವಾರದಲ್ಲಿ ಕೆಲವೇ ಹೊತ್ತು ತೆರೆದಿರುವುದರಿಂದ ಮೊದಲೇ ವಿಚಾರಿಸದೆ ಹೋದರೆ ಬೀಗ ನೋಡಿಕೊಂಡು ಬರಬೇಕಾಗುತ್ತದೆ. ದೈವಿಕ, ತಾತ್ತ್ವಿಕ, ವೈಜ್ಞಾನಿಕ ಎಂದು ಮೂರೇ ಹಂತ, ಮೂರನೆಯದೇ ಕೊನೆ ಎಂದು ಕೋಂತ್ ಸಾರಿದ. ಕೊನೆ ಬಂದೇಬಿಟ್ಟಿತು ಅಂದಮೇಲೆ ಪಂಚಾಂಗವೂ ಹೊಸದಾಗಬೇಕಲ್ಲ! 28 ದಿನದ 13 ತಿಂಗಳು, ಮೇಲೊಂದು ದಿನ. ತಿಂಗಳುಗಳಿಗೆ ಮೋಸೆಸ್, ಹೋಮರ್, ಅರಿಸ್ಟಾಟಲ್, ಆರ್ಕಿಮಿಡೀಸ್ ಎಂದು ಹೆಸರು. ಕೊನೆಯ ಐದರಲ್ಲಿ ಗುಟೆನ್‌ಬರ್ಗ್, ಷೇಕ್ಸ್‌ಪಿಯರ್, ದೆಕಾರ್ತ್, ಫ್ರೆಡರಿಕ್, ಬಿಷಾ. 13ರಲ್ಲಿ ಭಾರತಕ್ಕಾಗಲೀ ಚೀನಾಕ್ಕಾಗಲೀ ಒಂದು ತಿಂಗಳೂ ದಕ್ಕಲಿಲ್ಲ.

ಎರಡನೆಯ ದಿನ: ಸ್ಟುಟ್‌ಗಾರ್ಟ್, ಮತ್ತು ರೈಲಿನಲ್ಲಿ ಕಾಂಟ್

ಪ್ಯಾರಿಸ್‌ನ ಪೂರ್ವ ನಿಲ್ದಾಣದಿಂದ ಸ್ಟುಟ್‌ಗಾರ್ಟ್‌ಗೆ ನೇರ ರೈಲಿದೆ, ಮೂರೂಕಾಲು ಗಂಟೆಯ ಆಸುಪಾಸಿನ ಹಾದಿ. ತತ್ತ್ವಜ್ಞಾನಿ ಹೆಗೆಲ್ 1770ರ ಆಗಸ್ಟ್ 27ರಂದು ಹುಟ್ಟಿದ ಮನೆ ಎಬರ್‌ಹಾರ್ಟ್ ಬೀದಿಯ 53ನೇ ನಂಬರು. ಒಂದು ಗಂಟೆ ಸಾಕು. ಹೆಗೆಲ್ ಹೆಗೆಲ್ ಆದದ್ದು ಬೇರೆಡೆ, ಇಲ್ಲಿ ಹೆಚ್ಚು ಹೊತ್ತು ಕಳೆಯಬೇಕಾಗಿಲ್ಲ.

ಸ್ಟುಟ್‌ಗಾರ್ಟ್‌ನಿಂದ ಯೇನಾಕ್ಕೆ ನಡುವೆ ರೈಲು ಬದಲಿಸುತ್ತ ಹೋಗಬೇಕು, ಅರ್ಧ ದಿನ ಹಿಡಿಯುತ್ತದೆ. ವಿಶ್ವಚರಿತ್ರೆಯ ಬಗ್ಗೆ ಕಾಂಟ್ ಬರೆದ 1784ರ ಲೇಖನಕ್ಕೆ ಇದು ಸರಿಯಾದ ಹೊತ್ತು. ಬರ್ಲಿನ್ನಿನ ಮಾಸಪತ್ರಿಕೆಯೊಂದರ ನವೆಂಬರ್ ಸಂಚಿಕೆಯಲ್ಲಿ ಬಂದದ್ದು, ಒಂಬತ್ತು ಪ್ರತಿಪಾದನೆಗಳ ಪುಟ್ಟ ಬರಹ. ನಾಲ್ಕು ಕಡೆ ಪೆನ್ಸಿಲ್ ಗುರುತು ಹಾಕಿಕೊಂಡು ಓದಿದರೆ ಒಳಗಿನ ಕೀಲುಗಳು ಕಾಣುತ್ತವೆ.

ಮೊದಲನೆಯದಕ್ಕೆ ಒಂದು ಗುರುತು. ಜೀವಿಯ ಸಹಜ ಶಕ್ತಿಗಳೆಲ್ಲ ಒಂದು ದಿನ ಪೂರ್ಣವಾಗಿ ಅರಳಲೆಂದೇ ಇವೆ, ಬಳಕೆಗೆ ಬಾರದ ಅಂಗ ಪ್ರಕೃತಿಯ ಉದ್ದೇಶಕ್ಕೇ ವಿರುದ್ಧ ಎನ್ನುತ್ತಾನೆ. ಇಡೀ ಕಟ್ಟಡದ ಅಡಿಗಲ್ಲು ಇದು. 1859ರಲ್ಲಿ ಡಾರ್ವಿನ್ ಬಂದಮೇಲೆ ಇದು ನಿಲ್ಲುವುದಿಲ್ಲ. ಉಪಯೋಗವಿಲ್ಲದೆ ಉಳಿದುಬಂದ ಅಂಗಗಳು ಜೀವಲೋಕದ ತುಂಬ ಇವೆ. ಎರಡನೆಯ ಗುರುತು ಮೂರನೆಯ ಪ್ರತಿಪಾದನೆಯ ಕೊನೆಗೆ. ಹಿಂದಿನ ತಲೆಮಾರುಗಳು ಮುಂದಿನವರಿಗೋಸ್ಕರ ಮಾತ್ರ ದುಡಿದಂತೆ ಕಾಣುವುದು, ಕಟ್ಟಿದ ಮನೆಯಲ್ಲಿ ಕಟ್ಟಕಡೆಯವರಷ್ಟೇ ವಾಸಿಸುವುದು ವಿಚಿತ್ರ ಎಂದು ಕಾಂಟೇ ಒಪ್ಪುತ್ತಾನೆ. ಒಪ್ಪಿ ಮುಂದೆ ಹೋಗಿಬಿಡುತ್ತಾನೆ. ನಾಲ್ಕನೆಯದು ಇವತ್ತಿಗೂ ಗಟ್ಟಿ: ಮನುಷ್ಯನಿಗೆ ಕೂಡಿ ಬಾಳಬೇಕು, ಆದರೆ ತನ್ನ ಮಾತೇ ನಡೆಯಬೇಕು. ಈ ಜಗ್ಗಾಟದಲ್ಲೇ ಕಾನೂನು, ಕಸುಬು, ಕಲೆ ಹುಟ್ಟುತ್ತವೆ. ಇದಕ್ಕೆ ಗುರಿಯ ಹಂಗಿಲ್ಲ, ಕಾರಣವಷ್ಟೇ ಸಾಕು. ಕೊನೆಯ ಗುರುತು ಒಂಬತ್ತನೆಯದಕ್ಕೆ. ಇಂಥ ಯೋಜನೆಯೊಂದು ಇದೆಯೆಂದು ಇಟ್ಟುಕೊಂಡು ಚರಿತ್ರೆ ಬರೆಯಲು ಯತ್ನಿಸುವುದು ಸಾಧ್ಯ, ಆ ಯತ್ನವೇ ಯೋಜನೆಗೆ ನೆರವಾಗುತ್ತದೆ ಎನ್ನುತ್ತಾನೆ. ಇದೆ ಎಂದು ಸಾಧಿಸಿದ್ದಲ್ಲ, ಇಟ್ಟುಕೊಂಡು ನೋಡೋಣ ಎಂದದ್ದು. ಈ ದಾರಿಯಲ್ಲಿ ಸಿಗುವವರಲ್ಲಿ ಇಷ್ಟು ಎಚ್ಚರ ಉಳಿಸಿಕೊಂಡವರು ಕಡಿಮೆ.

ಮೂರನೆಯ ದಿನ: ಯೇನಾ

ಇಡೀ ಪ್ರವಾಸದಲ್ಲಿ ಒಂದೇ ಊರು ನೋಡಲು ಪುರುಸೊತ್ತಿದ್ದರೆ ಯೇನಾಕ್ಕೆ ಬನ್ನಿ. ಪುಟ್ಟ ಊರು, ನಡೆದೇ ಮುಗಿಯುತ್ತದೆ.

1789ರ ಮೇ 26ರ ಸಂಜೆ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕವಿ, ನಾಟಕಕಾರ ಷಿಲ್ಲರ್‌ನ ಮೊದಲ ಉಪನ್ಯಾಸ. ವಿಷಯ: ವಿಶ್ವಚರಿತ್ರೆ ಅಂದರೇನು, ಅದನ್ನು ಓದುವುದು ಯಾವ ಉದ್ದೇಶಕ್ಕೆ? ಗೊತ್ತುಮಾಡಿದ್ದ ಸಭಾಂಗಣ ತುಂಬಿ ಮೆಟ್ಟಿಲ ಮೇಲೂ ಜನ. ಊರಿನಲ್ಲೇ ದೊಡ್ಡದಾದ ಗ್ರೀಸ್‌ಬಾಖ್‌ನ ಸಭಾಂಗಣಕ್ಕೆ ಹೋಗೋಣವೆಂದು ತೀರ್ಮಾನವಾದದ್ದೇ ತಡ, ಜಾಗ ಹಿಡಿಯಲು ವಿದ್ಯಾರ್ಥಿಗಳು ಯೊಹಾನಿಸ್ ಬೀದಿಯಲ್ಲಿ ಓಟ ಕಿತ್ತರು. ಎಲ್ಲೋ ಬೆಂಕಿ ಬಿದ್ದಿದೆ ಎಂದು ಊರಿನವರು ಗಾಬರಿಯಾದರು ಎಂದು ಷಿಲ್ಲರ್ ಸ್ನೇಹಿತನಿಗೆ ಬರೆದಿದ್ದಾನೆ. ಆ ಬೀದಿ ಈಗಲೂ ಇದೆ, ಹಳೆಯ ನಗರದ್ವಾರದಿಂದ ಪೇಟೆಯ ಕಡೆಗೆ ಹೋಗುತ್ತದೆ. ಪ್ಯಾರಿಸ್‌ನ ಬಾಸ್ಟೀಲ್ ಸೆರೆಮನೆ ಕ್ರಾಂತಿಕಾರಿಗಳ ಕೈಗೆ ಬಿದ್ದದ್ದು ಅದಾಗಿ ಸರಿಯಾಗಿ ಏಳು ವಾರಕ್ಕೆ.

ಉಪನ್ಯಾಸದಲ್ಲಿ ನೋಡಬೇಕಾದ ಜಾಗ ಎರಡು. ಒಂದು, ಯುರೋಪಿನ ನಾವಿಕರು ಕಂಡುಹಿಡಿದ ಜನಾಂಗಗಳು ದೊಡ್ಡವನೊಬ್ಬನ ಸುತ್ತ ನಿಂತ ಬೇರೆಬೇರೆ ವಯಸ್ಸಿನ ಮಕ್ಕಳಂತಿವೆ ಎನ್ನುವ ಮಾತು. ಅದೇ ದಿನ, ಅದೇ ಗಳಿಗೆಯಲ್ಲಿ ಬದುಕಿರುವ ಜನರನ್ನು ಹಿಂದಿನ ಕಾಲಕ್ಕೆ ತಳ್ಳುವ ಕೈಚಳಕ ಇದು. ದೂರದಲ್ಲಿರುವುದನ್ನು ಹಳೆಯದು ಎಂದು ಓದಿದ ಕೂಡಲೆ ಭೂಪಟವೇ ಏಣಿಯಾಗಿಬಿಡುತ್ತದೆ, ಮೇಲಿನ ಮೆಟ್ಟಿಲಲ್ಲಿ ಓದಿದವನೇ ಕೂತಿರುತ್ತಾನೆ. ವಸಾಹತು ಆಳ್ವಿಕೆಗೆ ಇದಕ್ಕಿಂತ ಅನುಕೂಲವಾದ ವಾದ ಬೇಕಿರಲಿಲ್ಲ: ಮಕ್ಕಳಿಗೆ ಪಾಲಕ ಬೇಕಲ್ಲವೇ?

ಇನ್ನೊಂದು ಜಾಗ ಷಿಲ್ಲರ್‌ಗೆ ಗೌರವ ತರುವಂಥದ್ದು. ತನ್ನ ಕೆಲಸದ ವಿಧಾನವನ್ನು ಅವನು ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ವಿಶ್ವಚರಿತ್ರಕಾರ ಹೊರಡುವುದು ಇಂದಿನಿಂದ. ಇಂದಿನ ಸ್ಥಿತಿಗೆ ಯಾವುದು ಕಾರಣವೆಂದು ಹಿಂದೆ ಹಿಂದೆ ಹೋಗುತ್ತ ಘಟನೆಗಳನ್ನು ಆರಿಸಿಕೊಳ್ಳುತ್ತಾನೆ. ಆಮೇಲೆ ಆರಿಸಿದ್ದನ್ನು ಹಿಂದಿನಿಂದ ಇಂದಿಗೆ ಜೋಡಿಸಿ ಹೇಳುತ್ತಾನೆ. ಗುರಿಯ ತತ್ತ್ವ ಚರಿತ್ರೆಯೊಳಗೆ ಬರುವುದು ಬರೆಯುವವನ ಮನಸ್ಸಿನಿಂದ ಎಂಬುದನ್ನೂ ಸೇರಿಸುತ್ತಾನೆ. ಹಿಮ್ಮುಖವಾಗಿ ಆರಿಸಿ ಮುಮ್ಮುಖವಾಗಿ ಹೇಳಿದರೆ ಯಾವ ಕಥೆಯಾದರೂ ಹೇಳುವವನ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ಗುರಿಯ ವಾದಗಳೆಲ್ಲದರ ಯಂತ್ರ ಇದೇ ಎಂಬುದು ನಮ್ಮ ಅಭಿಪ್ರಾಯ.

ಪರೀಕ್ಷಿಸಲು ಒಂದು ಹಾಳೆ ಸಾಕು. ಬಲತುದಿಯಲ್ಲಿ ‘ಯೇನಾ, 1789’ ಎಂದು ಬರೆದು ಎಡಕ್ಕೆ ಹೋಗುತ್ತ ಕಾರಣಗಳನ್ನು ತುಂಬಿ: ಮುದ್ರಣ, ಲೂಥರ್, ರೋಮನ್ ಕಾನೂನು, ಗ್ರೀಕ್ ತತ್ತ್ವ. ಅದರ ಕೆಳಗೆ ಇನ್ನೊಂದು ಸಾಲಿನ ಬಲತುದಿಗೆ ‘ಬಾಗ್ದಾದ್, 900’ ಎಂದು ಬರೆಯಿರಿ. ಎಡಕ್ಕೆ: ಚೀನಾದಿಂದ ಬಂದ ಕಾಗದ, ಭಾರತದಿಂದ ಬಂದ ಅಂಕಿ, ಗ್ರೀಕ್ ಗ್ರಂಥಗಳ ಅರಬ್ಬಿ ಅನುವಾದ, ಪರ್ಷಿಯದ ಆಡಳಿತ. ಎರಡನೆಯ ಸಾಲೂ ಮೊದಲಿನದರಷ್ಟೇ ನೇರ, ಅಷ್ಟೇ ನಯ. ಮೂರೂವರೆ ಶತಮಾನದ ಮೇಲೆ, 1258ರಲ್ಲಿ, ಹುಲಗುವಿನ ಮಂಗೋಲ್ ಸೇನೆ ಆ ಊರನ್ನು ಸೂರೆಮಾಡಿತು. 900ರಲ್ಲಿ ಬಾಗ್ದಾದಿನಲ್ಲಿ ಕೂತವನ ಹಾಳೆಯಲ್ಲಿ ಅದರ ಸುಳಿವಿರಲು ಸಾಧ್ಯವಿರಲಿಲ್ಲ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ, ಎರಡನೆಯ ಸಾಲನ್ನು ಮೊದಲನೆಯದರ ಒಂದು ತುಂಡು ಮಾಡಿ ‘ಬಾಗ್ದಾದ್ ಗ್ರೀಕ್ ಜ್ಞಾನವನ್ನು ಯುರೋಪಿಗಾಗಿ ಕಾಪಾಡಿತು’ ಎಂದುಬಿಡುವುದು. ಅಲ್ಲಿ ಅನುವಾದ ಮಾಡಿದವರು ಯುರೋಪಿಗಾಗಿ ಮಾಡಲಿಲ್ಲ.

ಮಧ್ಯಾಹ್ನ ಊರಿನ ಮೇಲಿನ ಲಾಂಡ್‌ಗ್ರಾಫ್ ಗುಡ್ಡ. ಹಾದಿ ಕಡಿದು, ಮಳೆಯಲ್ಲಿ ಜಾರುತ್ತದೆ, ಹಿಡಿತವಿರುವ ಬೂಟು ಬೇಕು. 1806ರ ಅಕ್ಟೋಬರ್ 13ರ ರಾತ್ರಿ ನೆಪೋಲಿಯನ್ ತನ್ನ ಫಿರಂಗಿಗಳನ್ನು ಈ ಗುಡ್ಡಕ್ಕೆ ಎಳೆಸಿದ. ಮರುದಿನ ಪ್ರಷ್ಯದ ಸೈನ್ಯ ನುಚ್ಚುನೂರಾಯಿತು. ಪಕ್ಕದ ಕೊಸ್ಪೆಡಾ ಹಳ್ಳಿಯಲ್ಲಿ ಆ ಕಾಳಗದ ವಸ್ತುಸಂಗ್ರಹಾಲಯವಿದೆ. 13ರಂದೇ ಹೆಗೆಲ್ ಸ್ನೇಹಿತ ನೀಟ್‌ಹಾಮರ್‌ಗೆ ಬರೆದ ಪತ್ರದಲ್ಲಿ ಚಕ್ರವರ್ತಿಯನ್ನು, ‘ಆ ವಿಶ್ವಾತ್ಮವನ್ನು’, ಊರಿಂದ ಕುದುರೆಯೇರಿ ಹೊರಡುವುದನ್ನು ಕಂಡೆ ಎಂದಿದ್ದಾನೆ. ಎಲ್ಲರೂ ಉದ್ಧರಿಸುವುದು ಆ ಸಾಲನ್ನು. ಅದೇ ಪತ್ರದಲ್ಲಿ ಇನ್ನೊಂದು ಚಿಂತೆಯಿದೆ: ಪುಸ್ತಕದ ಹಸ್ತಪ್ರತಿ ಅಂಚೆಯಲ್ಲಿ ಬಾಂಬೆರ್ಗ್‌ಗೆ ಮುಟ್ಟಿತೋ ಇಲ್ಲವೋ. ಅಕ್ಟೋಬರ್ 18ರೊಳಗೆ ಪೂರ್ತಿ ತಲುಪಿಸುತ್ತೇನೆಂದು ಪ್ರಕಾಶಕನಿಗೆ ಮಾತಾಗಿತ್ತು, ಜಾಮೀನು ನಿಂತವನು ಇದೇ ನೀಟ್‌ಹಾಮರ್. ವಿಶ್ವಾತ್ಮದ ಸೈನ್ಯ ಅಂಚೆಯ ದಾರಿಗೇ ಅಡ್ಡ ಬಂದಿತ್ತು.

ನಾಲ್ಕನೆಯ ದಿನ: ವೈಮಾರ್ ಮತ್ತು ಎಟರ್ಸ್‌ಬರ್ಗ್

ಯೇನಾದಿಂದ ವೈಮಾರ್ ರೈಲಿನಲ್ಲಿ ಕಾಲು ಗಂಟೆಯ ಚಿಲ್ಲರೆ ಹಾದಿ. ಸೋಮವಾರ ಬರಬೇಡಿ, ಬುಖೆನ್‌ವಾಲ್ಟ್ ನಾಜಿ ಸೆರೆಶಿಬಿರದ ಸ್ಮಾರಕದ ಪ್ರದರ್ಶನಗಳು ಮುಚ್ಚಿರುತ್ತವೆ.

ಪೇಟೆಯ ನಡುವಿನ ಚರ್ಚಿನಲ್ಲಿ ಚಿಂತಕ ಹರ್ಡರ್‌ನ ಸಮಾಧಿ. 1776ರಿಂದ 1803ರವರೆಗೆ ಈ ಊರಿನ ಧರ್ಮಾಧಿಕಾರಿ. ಗೋಳಕ್ಕೆ ಅದರ ಭಾರಕೇಂದ್ರ ಒಳಗೇ ಇರುವಂತೆ ಪ್ರತಿ ಜನಾಂಗಕ್ಕೂ ಅದರ ಸುಖದ ಕೇಂದ್ರ ಅದರೊಳಗೇ ಇದೆ ಎಂದು 1774ರಲ್ಲೇ ಬರೆದವನು. ಹಿಂದಿನವರು ಮುಂದಿನವರಿಗೆ ಮೆಟ್ಟಿಲಾಗಲು ಹುಟ್ಟಿದವರಲ್ಲ ಎಂಬುದು ಅವನ ಒಟ್ಟು ವಾದ. ಅವನ ದೊಡ್ಡ ಗ್ರಂಥವನ್ನು ಕಾಂಟ್ 1785ರಲ್ಲಿ ವಿಮರ್ಶಿಸುತ್ತ ಒಂದು ಪ್ರಶ್ನೆ ಎಸೆದ: ನಾಗರಿಕರು ಯಾರೂ ಕಾಲಿಡದೆ ತಾಹಿತಿ ದ್ವೀಪದ ಜನ ಸಾವಿರಾರು ಶತಮಾನ ಹೀಗೇ ನೆಮ್ಮದಿಯಾಗಿ ಇದ್ದಿದ್ದರೆ, ಅವರೇ ಯಾಕೆ ಇರಬೇಕಿತ್ತು, ಆ ದ್ವೀಪದಲ್ಲಿ ಸುಖವಾದ ಕುರಿ ದನಗಳಿದ್ದರೂ ಆಗುತ್ತಿರಲಿಲ್ಲವೇ? ಎಚ್ಚರಿಕೆಯ ಕಾಂಟ್‌ನ ಬಾಯಲ್ಲೂ ಗುರಿಯ ವಾದ ಇಂಥದ್ದನ್ನು ಆಡಿಸುತ್ತದೆ. ಗುರಿಗೆ ನೆರವಾಗದ ಬದುಕು ವ್ಯರ್ಥ ಎಂದು ಒಮ್ಮೆ ಒಪ್ಪಿಕೊಂಡರೆ ಈ ಪ್ರಶ್ನೆ ತಪ್ಪಿಸಲಾಗದು.

ನಿಲ್ದಾಣದಿಂದ 6ನೇ ನಂಬರಿನ ಬಸ್ ಎಟರ್ಸ್‌ಬರ್ಗ್ ಬೆಟ್ಟಕ್ಕೆ ಹೋಗುತ್ತದೆ, 20 ನಿಮಿಷದ ದಾರಿ. ಹತ್ತುವ ಮುಂಚೆ ಹಲಗೆಯ ಮೇಲೆ ಬುಖೆನ್‌ವಾಲ್ಟ್ ಎಂದಿರುವುದನ್ನು ನೋಡಿಕೊಳ್ಳಿ, ಎಲ್ಲ ಬಸ್ಸೂ ಅಲ್ಲಿಯವರೆಗೆ ಹೋಗುವುದಿಲ್ಲ. ಕನಿಷ್ಠ ನಾಲ್ಕು ಗಂಟೆ ಬೇಕು. ಹಾಜರಿ ಹಾಕುತ್ತಿದ್ದ ಮೈದಾನ ಬಯಲಿಗೆ ತೆರೆದಿದ್ದು, ಬೇಸಿಗೆಯಲ್ಲೂ ಗಾಳಿ ಕೊರೆಯುತ್ತದೆ. 1937ರ ಜುಲೈಯಿಂದ 1945ರ ಏಪ್ರಿಲ್‌ವರೆಗೆ ಸುಮಾರು 2,80,000 ಜನರನ್ನು ಈ ಶಿಬಿರದಲ್ಲೂ ಇದರ ಉಪಶಿಬಿರಗಳಲ್ಲೂ ಕೂಡಿಹಾಕಿದ್ದರು. ಸುಮಾರು 56,000 ಮಂದಿ ಸತ್ತರು. ಬೀಚ್ ಮರಗಳ ಕಾಡು ಕಡಿಯುವಾಗ ಗಯಟೆಯ ಹೆಸರಿನೊಂದಿಗೆ ತಳಕು ಹಾಕಿಕೊಂಡ ಒಂದು ಓಕ್ ಮರವನ್ನು ಉಳಿಸಿದ್ದರು. 1944ರ ಬಾಂಬುದಾಳಿಯಲ್ಲಿ ಅದು ಸುಟ್ಟಿತು, ಬುಡ ಈಗಲೂ ಇದೆ. ಗೇಟಿನ ಮೇಲಿನ ‘ಅವರವರಿಗೆ ಅವರವರದು’ ಎಂಬ ಅಕ್ಷರಗಳನ್ನು ಒಳಗಿನಿಂದ ಓದುವಂತೆ ಕೂರಿಸಿದ್ದಾರೆ. ರೂಪಿಸಿದವನು ಬೌಹೌಸ್ ಕಲಾಶಾಲೆಯಲ್ಲಿ ಕಲಿತ ಕೈದಿ ಫ್ರಾಂಜ್ ಎರ್ಲಿಖ್. 1945ರ ನಂತರ ಸೋವಿಯತ್ ಆಡಳಿತ ಇದೇ ಜಾಗದಲ್ಲಿ 1950ರವರೆಗೆ ತನ್ನ ಶಿಬಿರ ನಡೆಸಿತು. 28,000 ಮಂದಿಯಲ್ಲಿ ಸುಮಾರು 7,000 ಜನ ಸತ್ತರು. ಎರಡೂ ಕಾಲದ ಪ್ರದರ್ಶನ ಬೇರೆಬೇರೆ ಕಟ್ಟಡದಲ್ಲಿವೆ. ಎರಡನೆಯದನ್ನು ಬಿಟ್ಟು ಬಸ್ ಹತ್ತುವವರೇ ಹೆಚ್ಚು.

ಈ ಬೆಟ್ಟ ಪ್ರಗತಿಯ ಮಾತನ್ನೇ ಸುಳ್ಳುಮಾಡುತ್ತದೆ ಎನ್ನುವವರಿದ್ದಾರೆ. ಲೆಕ್ಕದ ಪ್ರಶ್ನೆಗೆ ಆ ಉತ್ತರ ಸರಿಹೋಗುವುದಿಲ್ಲ. 1800ರ ಸುಮಾರಿಗೆ ಜಗತ್ತಿನಲ್ಲಿ ಹುಟ್ಟಿದ ನೂರು ಮಕ್ಕಳಲ್ಲಿ 40ಕ್ಕೂ ಹೆಚ್ಚು ಐದು ತುಂಬುವ ಮೊದಲೇ ಸಾಯುತ್ತಿದ್ದವೆಂಬುದು ಅಂದಾಜು, ಈಗ 4ರ ಆಸುಪಾಸು. ಆ ಇಳಿತದ ಬಹುಪಾಲು ನಡೆದದ್ದು ಈ ಶಿಬಿರ ಕಂಡ ಶತಮಾನದಲ್ಲೇ. ಗುರಿಯ ವಾದಿ ಮಾತ್ರ ಇಲ್ಲಿ ಇಕ್ಕಟ್ಟಿಗೆ ಸಿಗುತ್ತಾನೆ. ಇದು ದಾರಿ ತಪ್ಪಿದ ಒಂದು ಗಳಿಗೆ ಎಂದರೆ, ಯಾವುದು ನಡೆದಿದ್ದರೆ ನಿಮ್ಮ ವಾದ ಬೀಳುತ್ತಿತ್ತು ಎಂದು ಕೇಳಬೇಕು, ಉತ್ತರ ಸಿಗುವುದಿಲ್ಲ. ಇದರಿಂದಲೇ 1948ರ ಡಿಸೆಂಬರ್ 10ರ ಮಾನವ ಹಕ್ಕುಗಳ ಘೋಷಣೆ ಬಂತಲ್ಲ ಎಂದರೆ, ಆಮೇಲೆ ಬಂದದ್ದಕ್ಕೋಸ್ಕರ ಮೊದಲಿನದು ನಡೆಯಿತು ಎಂದಂತಾಯಿತು. ಹಾಗೆ ಹೇಳುವವರು 56,000 ಜನರನ್ನು ಒಂದು ಕರಡಿನ ಖರ್ಚಿಗೆ ಬರೆಯುತ್ತಿದ್ದಾರೆ.

ಐದನೆಯ ದಿನ: ಬರ್ಲಿನ್

ಉಂಟರ್ ಡೆನ್ ಲಿಂಡೆನ್ ಬೀದಿಯ ಹಂಬೋಲ್ಟ್ ವಿಶ್ವವಿದ್ಯಾಲಯ. ಮುಖ್ಯ ಕಟ್ಟಡದ ಮೆಟ್ಟಿಲಲ್ಲಿ, ಕೆಂಪು ಅಮೃತಶಿಲೆಯ ಮೇಲೆ ಚಿನ್ನದ ಅಕ್ಷರಗಳಲ್ಲಿ ಮಾರ್ಕ್ಸ್‌ನ ಮಾತು: ತತ್ತ್ವಜ್ಞಾನಿಗಳು ಜಗತ್ತನ್ನು ಬಗೆಬಗೆಯಾಗಿ ವಿವರಿಸಿದರು, ಬೇಕಿರುವುದು ಅದನ್ನು ಬದಲಿಸುವುದು. ಪೂರ್ವ ಜರ್ಮನಿಯ ಆಡಳಿತ 1953ರಲ್ಲಿ ಹಾಕಿಸಿದ್ದು. ಅದರ ಕೆಳಗಿನ ಪ್ರತಿ ಮೆಟ್ಟಿಲ ಮೇಲೂ ‘ಮೆಟ್ಟಿಲಿದೆ, ಜೋಕೆ’ ಎಂಬ ಹಿತ್ತಾಳೆ ಅಕ್ಷರಗಳಿವೆ. ಕಲಾವಿದೆ ಸೀಲ್ ಫ್ಲಾಯರ್ ಕೂರಿಸಿದ್ದು. ಚರಿತ್ರೆಯನ್ನು ಹಂತ ಹಂತವಾಗಿ ಏರಿಸಿದವರಿಗೆ ಇಷ್ಟು ಚುಟುಕಾದ ಉತ್ತರ ಬೇರೆಲ್ಲೂ ಕಾಣಲಿಲ್ಲ.

ಇದೇ ವಿಶ್ವವಿದ್ಯಾಲಯದಲ್ಲಿ ಹೆಗೆಲ್ 1822ರ ಚಳಿಗಾಲದಿಂದ ವರ್ಷ ಬಿಟ್ಟು ವರ್ಷ ಐದು ಸಲ ವಿಶ್ವಚರಿತ್ರೆಯ ತತ್ತ್ವವನ್ನು ಬೋಧಿಸಿದ. ಅವನು ಅದನ್ನು ಪುಸ್ತಕ ಮಾಡಲಿಲ್ಲ. 1837ರಲ್ಲಿ ಶಿಷ್ಯ ಗಾನ್ಸ್, 1840ರಲ್ಲಿ ಮಗ ಕಾರ್ಲ್ ಅಚ್ಚುಹಾಕಿಸಿದ್ದು ಅವನ ಟಿಪ್ಪಣಿಗಳನ್ನೂ ವಿದ್ಯಾರ್ಥಿಗಳು ಬರೆದುಕೊಂಡದ್ದನ್ನೂ ಹೊಲಿದ ಪಠ್ಯ. ಆದ್ದರಿಂದ ಒಂದು ವಾಕ್ಯ ಹಿಡಿದು ಜಗ್ಗುವುದು ಅಪಾಯ. ವಾದದ ಬೆನ್ನೆಲುಬು ಮಾತ್ರ ಸ್ಪಷ್ಟ: ಪೂರ್ವದೇಶಗಳಲ್ಲಿ ಒಬ್ಬನೇ ಸ್ವತಂತ್ರ, ಗ್ರೀಸ್ ರೋಮ್‌ಗಳಲ್ಲಿ ಕೆಲವರು, ಜರ್ಮನ್ ಕ್ರೈಸ್ತ ಜಗತ್ತಿನಲ್ಲಿ ಎಲ್ಲರೂ. ಚರಿತ್ರೆಯೆಂದರೆ ಸ್ವಾತಂತ್ರ್ಯದ ಅರಿವು ಬೆಳೆಯುವ ಬಗೆ. ಚರಿತ್ರೆ ಕಟುಕನ ಹಲಗೆ, ಜನಾಂಗಗಳ ಸುಖ ಅದರ ಮೇಲೆ ಬಲಿಯಾಗಿದೆ ಎಂದು ಹೇಳಿದವನೂ ಅವನೇ. ಹೇಳಿ, ಈ ಬಲಿ ಯಾವ ಉದ್ದೇಶಕ್ಕೆ ಎಂದು ಕೇಳುತ್ತಾನೆ. ಯಾವುದೋ ಉದ್ದೇಶಕ್ಕೆ ಇರಲೇಬೇಕೆಂಬುದು ಆ ಪ್ರಶ್ನೆಯೊಳಗೇ ಕೂತುಬಿಟ್ಟಿದೆ. ಭಾರತಕ್ಕೆ ಇಷ್ಟೊಂದು ಸಾಹಿತ್ಯವಿದ್ದೂ ಚರಿತ್ರೆಯಿಲ್ಲ ಎಂಬುದು ಅವನ ಮತ. ಓದದೆ ಆಡಿದ ಮಾತಲ್ಲ; ಭಗವದ್ಗೀತೆಯ ಕುರಿತು ಭಾಷಾಪಂಡಿತ ವಿಲ್ಹೆಲ್ಮ್ ಹಂಬೋಲ್ಟ್ ಬರೆದದ್ದನ್ನು 1827ರಲ್ಲಿ ದೀರ್ಘವಾಗಿ ವಿಮರ್ಶಿಸಿದವನು ಅವನು. ಚೌಕಟ್ಟು ಮೊದಲೇ ಸಿದ್ಧವಾಗಿತ್ತು, ಓದಿದ್ದೆಲ್ಲ ಅದರೊಳಗೆ ಹೋಗಿ ಕೂತಿತು.

ಷೌಸೇ ಬೀದಿಯ 126ನೇ ನಂಬರಿನ ಸಂದಿಯಲ್ಲಿ ಹೋದರೆ ಡೊರೊಟೆಯೆನ್‌ಷ್ಟಾಟ್ ಸ್ಮಶಾನ. ಹೆಗೆಲ್ ಬಯಸಿದಂತೆಯೇ ತತ್ತ್ವಜ್ಞಾನಿ ಫಿಖ್ಟೆಯ ಪಕ್ಕದಲ್ಲಿದ್ದಾನೆ. ಸತ್ತದ್ದು 1831ರ ನವೆಂಬರ್ 14, ವೈದ್ಯರು ಬರೆದ ಕಾರಣ ಕಾಲರಾ. ಗುರಿಯಿಲ್ಲದ ಪ್ರಗತಿ ಅಂದರೆ ಏನೆಂದು ಬಿಡಿಸಿ ನೋಡಲು ಆ ಕಾಯಿಲೆಗಿಂತ ಒಳ್ಳೆಯ ಉದಾಹರಣೆಯಿಲ್ಲ.

ಕಾಲರಾ ಕೊಲ್ಲುವುದು ನೀರು ಬತ್ತಿಸಿ. ಬರೀ ನೀರು ಕುಡಿಸಿದರೆ ಕರುಳು ಅದನ್ನು ಹಿಡಿದುಕೊಳ್ಳುವುದಿಲ್ಲ, ಉಪ್ಪುನೀರು ಮಾತ್ರ ಕುಡಿಸಿದರೂ ಅದೇ ಪಾಡು. 1960ರಲ್ಲಿ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಪ್ರಾಗ್‌ನ ಸಭೆಯೊಂದರಲ್ಲಿ, ಕರುಳಿನ ಜೀವಕೋಶಕ್ಕೆ ಗ್ಲೂಕೋಸ್ ಹೋಗುವಾಗ ಸೋಡಿಯಂ ಕೂಡ ಜೊತೆಗೂಡಿ ಹೋಗುತ್ತದೆ ಎಂದು ತೋರಿಸಿದ. ಅವನ ಕುತೂಹಲ ಇದ್ದದ್ದು ಸಕ್ಕರೆ ಹೀರಿಕೆಯ ಬಗ್ಗೆ. ಸೋಡಿಯಂ ಒಳಹೋದರೆ ನೀರು ತಾನಾಗಿ ಹಿಂಬಾಲಿಸುತ್ತದೆ. 1968ರಲ್ಲಿ ಢಾಕಾದಲ್ಲಿ ಉಪ್ಪು-ಗ್ಲೂಕೋಸ್ ದ್ರಾವಣ ಕುಡಿಸುವ ಪ್ರಯೋಗ ನಡೆಯಿತು. 1971ರಲ್ಲಿ, ಬಾಂಗ್ಲಾ ಯುದ್ಧದ ಹೊತ್ತಿಗೆ, ಪಶ್ಚಿಮ ಬಂಗಾಳದ ಬಂಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಡ್ರಿಪ್ ಬಾಟಲಿ ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸ್ ಅವರು ಅದನ್ನೇ ಡ್ರಮ್ಮುಗಳಲ್ಲಿ ಕಲಸಿ ಹಂಚಿಸಿದರು, ಸಾವು ಶೇ. 30ರ ಆಸುಪಾಸಿನಿಂದ ಶೇ. 3.6ಕ್ಕೆ ಇಳಿಯಿತು. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಲ್ಲಿ ಒಂದು ಲೀಟರ್ ಶುದ್ಧ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಸಿಹಿ ಹೆಚ್ಚಾದರೆ ನೀರು ಉಲ್ಟಾ ಕರುಳಿಗೆ ಇಳಿದು ಭೇದಿ ಜಾಸ್ತಿಯಾಗುತ್ತದೆ, ಉಪ್ಪು ಹೆಚ್ಚಾದರೆ ರಕ್ತದಲ್ಲಿ ಸೋಡಿಯಂ ಏರಿ ಮಗುವಿಗೆ ಅಪಾಯ.

ಇದು ಪ್ರಗತಿ, ಅನುಮಾನವೇ ಇಲ್ಲ. ಒಮ್ಮೆ ತಿಳಿದದ್ದು ಬರಹದಲ್ಲಿ ಉಳಿಯುತ್ತದೆ, ಇನ್ನೊಬ್ಬರ ಕೈಗೆ ಸಿಗುತ್ತದೆ. ಮುಂದಕ್ಕೆ ತಳ್ಳುವ ಕಾರಣ ಇಷ್ಟೇ. ಅದರೊಳಗೆ ಕ್ರೇನ್‌ನ ಕುತೂಹಲವಿದೆ, ಒಂದು ಯುದ್ಧವಿದೆ, ಮುಗಿದುಹೋದ ಬಾಟಲಿಗಳಿವೆ. ಎಲ್ಲಿಯಾದರೂ ಕೊಂಡಿ ತಪ್ಪಿ ನಿಲ್ಲಬಹುದಿತ್ತು. ಸೂತ್ರ ಗೊತ್ತಿದ್ದೂ ನೀರು, ಪುಡಿ ತಲುಪದ ಕಡೆ ಜನ ಇವತ್ತೂ ಕಾಲರಾದಿಂದ ಸಾಯುತ್ತಾರೆ.

ಆರನೆಯ ದಿನ: ಬ್ರಸೆಲ್ಸ್‌ನಲ್ಲಿ ರೈಲು ಬದಲಿ

ಬರ್ಲಿನ್‌ನಿಂದ ಕೊಲೋನ್, ಬ್ರಸೆಲ್ಸ್ ಹಾದು ಲಂಡನ್, ಹತ್ತು ಗಂಟೆಯ ಮೇಲೆ. ಜರ್ಮನ್ ರೈಲುಗಳು ತಡವಾಗುವುದು ಮಾಮೂಲು, ಬ್ರಸೆಲ್ಸ್‌ನಲ್ಲಿ ಪಾಸ್‌ಪೋರ್ಟ್ ತಪಾಸಣೆ ಬೇರೆ; ನಡುವೆ ಎರಡು ಗಂಟೆ ಅಂತರ ಬಿಟ್ಟು ಟಿಕೆಟ್ ಮಾಡಿಸಿ. ಷೆಂಗೆನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ.

ಕಾಯುವ ಹೊತ್ತಿಗೆ ಓದಲು ತತ್ತ್ವಜ್ಞಾನಿ ಕೋಜೆವ್ ಇದ್ದಾನೆ. 1933ರಿಂದ 1939ರವರೆಗೆ ಪ್ಯಾರಿಸ್‌ನಲ್ಲಿ ಹೆಗೆಲ್ ಪಾಠ ಹೇಳುತ್ತ, ಚರಿತ್ರೆ 1806ರಲ್ಲಿ ಯೇನಾದಲ್ಲೇ ಮುಗಿಯಿತು, ಆಮೇಲಿನದೆಲ್ಲ ಅದರ ಹರಡುವಿಕೆ ಎಂಬ ವಾದ ಕಟ್ಟಿದವನು. ಯುದ್ಧದ ನಂತರ ಫ್ರೆಂಚ್ ಸರ್ಕಾರದ ವಾಣಿಜ್ಯ ಸಂಧಾನಕಾರನಾದ. ಚರಿತ್ರೆ ಮುಗಿದಮೇಲೆ ಉಳಿಯುವುದು ಸುಂಕದ ಪಟ್ಟಿಗಳೇ ತಾನೆ. 1968ರ ಜೂನ್‌ನಲ್ಲಿ ಇದೇ ಬ್ರಸೆಲ್ಸ್‌ನಲ್ಲಿ, ಸಭೆಯೊಂದರ ನಡುವೆ ಸತ್ತ. ಅವನ ಎಳೆ ಹಿಡಿದು ಅಮೆರಿಕದ ಚಿಂತಕ ಫುಕುಯಾಮಾ ಚರಿತ್ರೆಯ ಕೊನೆಯ ಬಗ್ಗೆ ಬರೆದದ್ದು 1989ರ ಬೇಸಿಗೆಯಲ್ಲಿ, ಬರ್ಲಿನ್ ಗೋಡೆ ಬೀಳಲು ಇನ್ನೂ ತಿಂಗಳುಗಳಿದ್ದಾಗ. ಶೀರ್ಷಿಕೆಯ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆಯಿತ್ತು, ಓದಿದವರು ಅದನ್ನು ಬಿಟ್ಟು ಓದಿದರು.

ಏಳನೆಯ ದಿನ: ಲಂಡನ್, ಹೈಗೇಟ್

ಆರ್ಚ್‌ವೇ ನಿಲ್ದಾಣದಲ್ಲಿ ಇಳಿದು ಏರು ಹತ್ತಿ, ವಾಟರ್ಲೋ ಉದ್ಯಾನ ಬಳಸಿ ಹೋದರೆ ಹೈಗೇಟ್ ಸ್ಮಶಾನದ ಪೂರ್ವಭಾಗ. ಒಳಗೆ ಹೋಗಲು ಟಿಕೆಟ್ ಇದೆ. ಮಾರ್ಕ್ಸ್‌ನ ದೊಡ್ಡ ತಲೆಯ ಸ್ಮಾರಕ 1956ರದ್ದು. 1883ರಲ್ಲಿ ಹೂತ ಮೂಲ ಜಾಗ ಒಳಗಿನ ಕಿರುದಾರಿಯಲ್ಲಿದೆ, ಒಡೆದ ಹಾಸುಗಲ್ಲು ಈಗಲೂ ಅಲ್ಲೇ. ದೊಡ್ಡದರ ಎದುರಿಗೇ ಇಂಗ್ಲಿಷ್ ಚಿಂತಕ ಹರ್ಬರ್ಟ್ ಸ್ಪೆನ್ಸರ್‌ನ ಸಮಾಧಿ. ಪ್ರಗತಿ ಆಕಸ್ಮಿಕವಲ್ಲ, ಅನಿವಾರ್ಯ ಎಂದು 1851ರಲ್ಲಿ ಬರೆದವನು 1902ರ ಹೊತ್ತಿಗೆ ತನ್ನ ದೇಶ ಮತ್ತೆ ಬರ್ಬರವಾಗುತ್ತಿದೆ ಎಂದು ಬರೆಯುತ್ತಿದ್ದ.

ಅನಿವಾರ್ಯತೆಗೆ ತರ್ಕದ ಉತ್ತರ ಕೊಟ್ಟವನು ಲಂಡನ್ನಿನಲ್ಲೇ ಪಾಠ ಹೇಳುತ್ತಿದ್ದ ತತ್ತ್ವಜ್ಞಾನಿ ಪಾಪ್ಪರ್, 1957ರಲ್ಲಿ. ಚರಿತ್ರೆಯ ಗತಿ ಜ್ಞಾನದ ಬೆಳವಣಿಗೆಯಿಂದ ಬಲವಾಗಿ ಬದಲಾಗುತ್ತದೆ. ನಾಳೆ ಏನು ತಿಳಿಯಲಿದ್ದೇವೆ ಎಂಬುದನ್ನು ಇವತ್ತೇ ವೈಜ್ಞಾನಿಕವಾಗಿ ತಿಳಿಯಲಾಗದು. ತಿಳಿದರೆ ಅದು ಇವತ್ತಿನ ಜ್ಞಾನವೇ ಆಯಿತು. ಹಾಗಾಗಿ ಚರಿತ್ರೆಯ ಮುಂದಿನ ಹಾದಿಯನ್ನು ಮುಂಗಾಣಲಾಗದು. ಇದು ಮುನ್ಸೂಚನೆಯನ್ನಷ್ಟೇ ಬೀಳಿಸುತ್ತದೆ, ಸುಧಾರಣೆಯನ್ನು ಮುಟ್ಟುವುದಿಲ್ಲ.

ಮಾರ್ಕ್ಸ್‌ನನ್ನು ಮಾತ್ರ ಪೂರ್ತಿಯಾಗಿ ಅನಿವಾರ್ಯವೆಂದವರ ಪಟ್ಟಿಗೆ ಸೇರಿಸುವಂತಿಲ್ಲ. 1881ರ ಫೆಬ್ರವರಿಯಲ್ಲಿ ರಷ್ಯದ ಕ್ರಾಂತಿಕಾರಿ ವೆರಾ ಜಾಸುಲಿಚ್ ಅವನಿಗೊಂದು ಪತ್ರ ಬರೆದಳು. ನಮ್ಮ ಹಳ್ಳಿಗಳ ಸಾಮುದಾಯಿಕ ಭೂಮಿ ಚರಿತ್ರೆಯ ನಿಯಮದಂತೆ ಅಳಿಯಲೇಬೇಕೇ? ಹೌದಾದರೆ ರೈತನ ಹೊಲ ಬಂಡವಾಳಿಗನ ಕೈಗೆ ಹೋಗಲು ಎಷ್ಟು ದಶಕ, ರಷ್ಯಾ ಪಶ್ಚಿಮ ಯುರೋಪಿನ ಮಟ್ಟ ಮುಟ್ಟಲು ಎಷ್ಟು ಶತಮಾನ ಎಂದು ಲೆಕ್ಕ ಹಾಕುತ್ತ ಕೂರುವುದೊಂದೇ ನಮಗುಳಿದ ಕೆಲಸ. ಮಾರ್ಕ್ಸ್ ಕರಡಿನ ಮೇಲೆ ಕರಡು ಬರೆದ, ಉದ್ದುದ್ದವಾಗಿ, ಹೊಡೆದು ತಿದ್ದಿ. ಮಾರ್ಚ್ 8ರಂದು ಕಳಿಸಿದ್ದು ಮಾತ್ರ ಚಿಕ್ಕ ಕಾಗದ: ತಾನು ಹೇಳಿದ ಅನಿವಾರ್ಯತೆ ಪಶ್ಚಿಮ ಯುರೋಪಿನ ದೇಶಗಳಿಗೆ ಸೀಮಿತ, ರಷ್ಯದ ಹಳ್ಳಿ ಸಮುದಾಯ ಬೇರೆ ದಾರಿ ಹಿಡಿಯಬಹುದು. ಆ ಕಾಗದವನ್ನು ಪಡೆದವರು ಅಚ್ಚು ಹಾಕಿಸಲಿಲ್ಲ. ಅದು ಬೆಳಕಿಗೆ ಬಂದದ್ದು 1924ರಲ್ಲಿ. ಅಷ್ಟರಲ್ಲಿ ಅವನ ಹೆಸರಿನಲ್ಲಿ, ಚರಿತ್ರೆಯ ಅನಿವಾರ್ಯ ನಿಯಮದ ಪ್ರಕಾರವೇ, ರಷ್ಯದಲ್ಲಿ ಸರ್ಕಾರ ನಡೆಯಲು ಶುರುವಾಗಿ ಏಳು ವರ್ಷವಾಗಿತ್ತು.